ದೂರದ ಗಣಕಕ್ಕೆ ಜೋಡಿ ಕೀಲಿಕೈ

ಬಂಗಾಳ ಕೊಲ್ಲಿಯ ದಂಡೆಯಲ್ಲಿರುವ ವಿಶಾಖಪಟ್ಟಣ ಮತ್ತು ಕೃಷ್ಣಾ ನದಿಯ ದಂಡೆಯಲ್ಲಿರುವ ವಿಜಯವಾಡ ಆಂಧ್ರಪ್ರದೇಶದ ಎರಡು ಪ್ರಮುಖ ನಗರಗಳು. ರೈಲು ಮಾರ್ಗದಲ್ಲಿ ಇವುಗಳ ನಡುವಣ ಅಂತರ ಸುಮಾರು 350 ಕಿಲೋಮೀಟರ್. ಆಂಧ್ರ ವಿಶ್ವವಿದ್ಯಾನಿಲಯವು 1926ರಲ್ಲಿ ಅಂದಿನ ಬೆಜವಾಡದಲ್ಲಿ, ಎಂದರೆ ಇಂದಿನ ವಿಜಯವಾಡದಲ್ಲಿ, ಆರಂಭವಾಯಿತು. 1930ರಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ಸ್ಥಳಾಂತರಗೊಂಡಿತು. ಆ ಕಾಲದಲ್ಲಿ ಕಚೇರಿಯೊಂದು ಊರು ಬದಲಿಸಿದರೆ ಕಡತಗಳೂ ನೌಕರರೂ ಜೊತೆಯಾಗಿ ರೈಲು ಹತ್ತಬೇಕಾಗಿತ್ತು. ಇಂದು ಕಡತಗಳು ಗಣಕಯಂತ್ರದಲ್ಲಿವೆ. ಗಣಕವು ಒಂದು ನಗರದಲ್ಲಿದ್ದು, ಅದನ್ನು ನಡೆಸುವವರು ಇನ್ನೊಂದು ನಗರದಲ್ಲಿರುವುದು ಸಾಮಾನ್ಯ ಸಂಗತಿಯಾಗಿದೆ. ಭಾರತೀಯ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕ್‌ಗಳ ಸಂಸ್ಥೆಯ ಕೇಂದ್ರಗಳು ಈ ಎರಡೂ ನಗರಗಳಲ್ಲಿವೆ.

ಈ ಎರಡೂ ನಗರಗಳು ಪ್ರಕೃತಿ ವಿಕೋಪಕ್ಕೆ ತುತ್ತಾದುದನ್ನು ಇತ್ತೀಚಿನ ವರ್ಷಗಳಲ್ಲಿ ಜನರು ಕಂಡಿದ್ದಾರೆ. 2014ರ ಅಕ್ಟೋಬರ್ 12ರಂದು 'ಹುಡ್‌ಹುಡ್' ಚಂಡಮಾರುತವು ಗಂಟೆಗೆ ಸುಮಾರು 180 ಕಿ.ಮೀ. ವೇಗದ ಗಾಳಿಯೊಡನೆ ವಿಶಾಖಪಟ್ಟಣವನ್ನು ಅಪ್ಪಳಿಸಿತು. ವಿದ್ಯುತ್ ಮತ್ತು ದೂರವಾಣಿ ಸಂಪರ್ಕಗಳು ದಿನಗಟ್ಟಲೆ ಅಸ್ತವ್ಯಸ್ತಗೊಂಡವು. ವಿಮಾನ ನಿಲ್ದಾಣದ ಕಟ್ಟಡಕ್ಕೂ ತೀವ್ರ ಹಾನಿಯಾಯಿತು. 2024ರ ಸೆಪ್ಟೆಂಬರ್ 1ರಂದು ಬುಡಮೇರು ಹೊಳೆಯು ಉಕ್ಕಿ ಹರಿದು ವಿಜಯವಾಡದ ಅಜಿತ್‌ಸಿಂಗ್ ನಗರ ಮೊದಲಾದ ಬಡಾವಣೆಗಳು ಹಲವು ದಿನಗಳ ಕಾಲ ಜಲಾವೃತವಾದವು. ಅದೇ ವೇಳೆಯಲ್ಲಿ ಪ್ರಕಾಶಂ ಬ್ಯಾರೇಜಿನಲ್ಲಿ ಕೃಷ್ಣೆಯ ಪ್ರವಾಹವು 11 ಲಕ್ಷ ಕ್ಯೂಸೆಕ್‌ಗಳನ್ನು ಮೀರಿತು.

ಇಂತಹ ದಿನಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ವಿಶಾಖಪಟ್ಟಣದಲ್ಲಿರುವ ಗಣಕವು ಜನರೇಟರ್‌ನ ನೆರವಿನಿಂದ ನಡೆಯುತ್ತಿದ್ದು, ಅಲ್ಲಿಗೆ ಯಾರೂ ತಲುಪಲಾಗದಿದ್ದರೆ ವಿಜಯವಾಡದಲ್ಲಿ ಕುಳಿತವರು ಅದನ್ನು ನಿರ್ವಹಿಸಬಲ್ಲರೇ? ಹಾಗೆ ನಿರ್ವಹಿಸಬೇಕಾದವರ ಮನೆಗೇ ನೀರು ನುಗ್ಗಿ ಅವರ ಲ್ಯಾಪ್‌ಟಾಪ್ ಕೊಚ್ಚಿಹೋದರೆ ಗತಿಯೇನು? ಜಾಲ ಸಂಪರ್ಕವೇ ಕಡಿದುಹೋದಾಗ ಯಾವ ಕೀಲಿಕೈಯೂ ಉಪಯೋಗಕ್ಕೆ ಬಾರದು. ಆದರೆ ಸಂಪರ್ಕವಿದ್ದಾಗ, ಅಥವಾ ಅದು ಮರಳಿ ಬಂದೊಡನೆ, ಈ ಎರಡು ಪ್ರಶ್ನೆಗಳ ಉತ್ತರವು ಒಂದು ಚಿಕ್ಕ ಕಡತವನ್ನು ಎಲ್ಲಿ, ಹೇಗೆ ಇರಿಸಲಾಗಿದೆ ಎಂಬುದನ್ನು ಅವಲಂಬಿಸಿರುತ್ತದೆ. ಆ ಕಡತವೇ ಎಸ್‌ಎಸ್‌ಎಚ್ ಕೀಲಿಕೈ.

ಎಸ್‌ಎಸ್‌ಎಚ್ ಎಂದರೇನು?

'ಸೆಕ್ಯೂರ್ ಶೆಲ್' ಎಂಬುದರ ಸಂಕ್ಷಿಪ್ತ ರೂಪವೇ ಎಸ್‌ಎಸ್‌ಎಚ್. ದೂರದಲ್ಲಿರುವ ಗಣಕದೊಡನೆ ಸುರಕ್ಷಿತವಾಗಿ ಸಂಪರ್ಕ ಸಾಧಿಸಿ, ಅದರ ಮುಂದೆಯೇ ಕುಳಿತಿರುವಂತೆ ಕೆಲಸ ಮಾಡಲು ಇದು ಅವಕಾಶ ನೀಡುತ್ತದೆ. ಹೀಗೆ ಅನೇಕರಿಗೆ ದೂರದಿಂದ ಸೇವೆ ಒದಗಿಸುವ ಗಣಕವನ್ನು 'ಸರ್ವರ್' ಎನ್ನುತ್ತಾರೆ.

ಇದಕ್ಕೂ ಮೊದಲು 'ಟೆಲ್‌ನೆಟ್' ಎಂಬ ವಿಧಾನವು ಬಳಕೆಯಲ್ಲಿತ್ತು. ಅದರಲ್ಲಿ ಬಳಕೆದಾರರ ಹೆಸರು, ಗುಪ್ತಪದ, ಆದೇಶ ಎಲ್ಲವೂ ಅಂಚೆಯ ಕಾರ್ಡಿನ ಮೇಲಿನ ಬರಹದಂತೆ ಬಯಲಾಗಿ ಸಾಗುತ್ತಿದ್ದವು. ಹಾದಿಯಲ್ಲಿರುವ ಯಾವುದೇ ಗಣಕವು ಅವನ್ನು ಓದಬಹುದಾಗಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಯಾರೋ ಹೀಗೆಯೇ ಗುಪ್ತಪದಗಳನ್ನು ಕದ್ದುದು ಬೆಳಕಿಗೆ ಬಂದಿತು. ಅಲ್ಲಿನ ಸಂಶೋಧಕ ತಾತು ಉಲೋನೆನ್ ಅವರು ಅದೇ ವರ್ಷ ಎಸ್‌ಎಸ್‌ಎಚ್‌ನ ಮೊದಲ ಆವೃತ್ತಿಯನ್ನು ರೂಪಿಸಿ ಬಿಡುಗಡೆ ಮಾಡಿದರು. ಗಣಕದ ಸೇವಾದ್ವಾರಗಳ ಪೈಕಿ 21ನೆಯದು ಕಡತ ರವಾನೆಗೂ 23ನೆಯದು ಟೆಲ್‌ನೆಟ್‌ಗೂ ಮೀಸಲಾಗಿದ್ದವು. ನಡುವಣ 22ನೆಯ ದ್ವಾರವು ಎಸ್‌ಎಸ್‌ಎಚ್‌ಗೆ ದೊರೆಯಿತು. 1999ರಲ್ಲಿ ಎಲ್ಲರೂ ಉಚಿತವಾಗಿ ಬಳಸಬಹುದಾದ 'ಓಪನ್ ಎಸ್‌ಎಸ್‌ಎಚ್' ಬಂದಿತು. 2006ರಲ್ಲಿ ಈ ವಿಧಾನದ ಎರಡನೆಯ ಆವೃತ್ತಿಯು ಅಂತರಜಾಲದ ಮಾನಕವಾಗಿ ಪ್ರಕಟವಾಯಿತು. 2018ರಿಂದ 'ವಿಂಡೋಸ್ 10' ಗಣಕಗಳಲ್ಲಿಯೂ ಇದು ಮೊದಲೇ ಅಳವಡಿಕೆಯಾಗಿ ಬರತೊಡಗಿತು.

ಇದರ ಬಳಕೆಯ ವ್ಯಾಪ್ತಿಗೆ ಕರ್ನಾಟಕದಿಂದಲೇ ಒಂದು ನಿದರ್ಶನವನ್ನು ಕೊಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅಡಿಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ 'ಪರಮ್ ಪ್ರವೇಗ' ಮಹಾಗಣಕದ ಸಾಮರ್ಥ್ಯ 3.3 ಪೆಟಾಫ್ಲಾಪ್. ಅದನ್ನು ಬಳಸುವ ಸಂಶೋಧಕರು ಯಂತ್ರದ ಬಳಿಗೆ ಹೋಗುವುದಿಲ್ಲ. ತಮ್ಮ ತಮ್ಮ ಮೇಜಿನಿಂದಲೇ ಎಸ್‌ಎಸ್‌ಎಚ್ ಮೂಲಕ ಅದನ್ನು ಪ್ರವೇಶಿಸುತ್ತಾರೆ.

ಗುಪ್ತಪದ ಏಕೆ ಸಾಲದು?

ಎಸ್‌ಎಸ್‌ಎಚ್‌ನಲ್ಲಿಯೂ ಗುಪ್ತಪದವನ್ನು ಬಳಸಿ ಪ್ರವೇಶಿಸಬಹುದು. ಅದು ಗುಪ್ತಲಿಪಿಯಲ್ಲಿ ಸಾಗುವುದರಿಂದ ಹಾದಿಹೋಕರ ಕಣ್ಣಿಗೆ ಬೀಳದು. ಆದರೂ ಎರಡು ದೋಷಗಳು ಉಳಿಯುತ್ತವೆ. ಮೊದಲನೆಯದಾಗಿ, ಗುಪ್ತಪದವು ಕೊನೆಗೆ ದೂರದ ಗಣಕವನ್ನು ತಲುಪಲೇಬೇಕು. ಆ ಗಣಕವು ವಂಚಕರ ವಶದಲ್ಲಿದ್ದರೆ ಗುಪ್ತಪದವೂ ಅವರ ವಶವಾಗುತ್ತದೆ. ಎರಡನೆಯದಾಗಿ, ಮನುಷ್ಯರು ನೆನಪಿಡಬಲ್ಲ ಪದಗಳನ್ನು ಯಂತ್ರಗಳು ಊಹಿಸಬಲ್ಲವು. ಅಂತರಜಾಲಕ್ಕೆ ತೆರೆದಿರುವ 22ನೆಯ ದ್ವಾರವನ್ನು ಅಪರಿಚಿತ ಯಂತ್ರಗಳು ಹಗಲಿರುಳು ತಟ್ಟುತ್ತ, ಮಕ್ಕಳ ಹೆಸರು, ಹುಟ್ಟಿದ ದಿನ, ದೇವರ ಹೆಸರು ಮೊದಲಾದ ಸಾವಿರಾರು ಪದಗಳನ್ನು ಪ್ರಯೋಗಿಸಿ ನೋಡುತ್ತಿರುತ್ತವೆ. ಸಂಕೇತ ಭಂಡಾರಗಳಿಗೆ ಹೆಸರಾದ 'ಗಿಟ್‌ಹಬ್' ಸಂಸ್ಥೆಯು ತನ್ನಲ್ಲಿನ ಸಂಕೇತಗಳನ್ನು ಕಳುಹಿಸುವ ಹಾಗೂ ಪಡೆಯುವ ಕಾರ್ಯಕ್ಕೆ ಗುಪ್ತಪದಗಳನ್ನು ಸ್ವೀಕರಿಸುವುದನ್ನು 2021ರ ಆಗಸ್ಟ್ 13ರಿಂದ ನಿಲ್ಲಿಸಿತು.

ಜೋಡಿ ಕೀಲಿಕೈಯ ತತ್ತ್ವ

ಗುಪ್ತಪದದ ಬದಲು ಬಳಸುವ ಎಸ್‌ಎಸ್‌ಎಚ್ ಕೀಲಿಕೈ ಎಂಬುದು ವಾಸ್ತವವಾಗಿ ಒಂದು ಜೋಡಿ. ಒಂದು ಗುಪ್ತ ಕೀಲಿಕೈ. ಇನ್ನೊಂದು ಬಹಿರಂಗ ಕೀಲಿಕೈ. ಇದರ ಹಿಂದಿನ ವಿಚಾರವನ್ನು 1976ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಪ್ರಕಟಿಸಿದರು. 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಆಡಲ್‌ಮನ್ ಎಂಬ ಮೂವರು ಅದಕ್ಕೆ ಗಣಿತದ ರೂಪ ನೀಡಿದರು. ಅವರ ಹೆಸರಿನ ಮೊದಲಕ್ಷರಗಳಿಂದ ಅದು 'ಆರ್‌ಎಸ್‌ಎ' ಎನಿಸಿತು. ಬ್ರಿಟನ್ನಿನ ಸರಕಾರಿ ತಜ್ಞರು ಇದೇ ವಿಚಾರವನ್ನು ಕೆಲವು ವರ್ಷ ಮೊದಲೇ ಕಂಡುಕೊಂಡಿದ್ದರೂ ಅದು ರಹಸ್ಯವಾಗಿ ಉಳಿದು 1997ರಲ್ಲಷ್ಟೇ ಹೊರಬಂದಿತು.

ಆರ್‌ಎಸ್‌ಎಯ ಮೂಲ ಸರಳವಾದುದು. 83 ಮತ್ತು 97 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಲು ಶಾಲಾ ಬಾಲಕನಿಗೂ ಒಂದು ನಿಮಿಷ ಸಾಕು, ಉತ್ತರ 8,051. ಆದರೆ 8,051ನ್ನು ಮಾತ್ರ ಕೊಟ್ಟು, ಇದು ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಕೇಳಿದರೆ ಬಹಳ ಹೊತ್ತು ಭಾಗಿಸಿ ಭಾಗಿಸಿ ನೋಡಬೇಕಾಗುತ್ತದೆ. ಇಂದು ಬಳಕೆಯಲ್ಲಿರುವ 3,072 ಬಿಟ್‌ಗಳ ಆರ್‌ಎಸ್‌ಎ ಕೀಲಿಕೈಯಲ್ಲಿ ಆ ಗುಣಲಬ್ಧವು ಸುಮಾರು 925 ಅಂಕಿಗಳಷ್ಟು ಉದ್ದವಾಗಿರುತ್ತದೆ. ಅದನ್ನು ಒಡೆದು ನೋಡುವುದು ಇಂದಿನ ಯಾವ ಗಣಕಕ್ಕೂ ಸಾಧ್ಯವಾಗಿಲ್ಲ. ಗುಣಲಬ್ಧವು ಬಹಿರಂಗ ಕೀಲಿಕೈಯ ಭಾಗ. ಅದರ ಅಪವರ್ತನಗಳು ಗುಪ್ತ ಕೀಲಿಕೈಯ ಭಾಗ. ಒಂದನ್ನು ಊರಿಗೆಲ್ಲ ಹಂಚಿದರೂ ಇನ್ನೊಂದು ಬಯಲಾಗದು. 2011ರಲ್ಲಿ ಪ್ರಕಟವಾದ 'ಇಡಿ 25519' ಎಂಬ ಇನ್ನೊಂದು ಪದ್ಧತಿಯು ಬೇರೆ ಬಗೆಯ ಗಣಿತವನ್ನು ಆಧರಿಸಿದ್ದು, ಬಹಳ ಚಿಕ್ಕ ಕೀಲಿಕೈಯಿಂದಲೇ ಸಮಾನ ರಕ್ಷಣೆ ನೀಡುತ್ತದೆ. ಓಪನ್ ಎಸ್‌ಎಸ್‌ಎಚ್ 2014ರಲ್ಲಿ ಇದನ್ನು ಅಳವಡಿಸಿಕೊಂಡಿತು. 2023ರ ಅಕ್ಟೋಬರ್‌ನಿಂದ ಹೊಸ ಕೀಲಿಕೈಗಳನ್ನು, ಬೇರೆ ಸೂಚನೆ ಇಲ್ಲದಿದ್ದಲ್ಲಿ, ಇದೇ ಪದ್ಧತಿಯಲ್ಲಿ ತಯಾರಿಸುತ್ತದೆ.

ಈ ಜೋಡಿಯನ್ನು ಅರಸರ ಕಾಲದ ಮುದ್ರೆಯುಂಗುರಕ್ಕೆ ಹೋಲಿಸಬಹುದು. ಮುದ್ರೆಯ ಗುರುತು ಹೇಗಿರುತ್ತದೆಂಬುದು ಎಲ್ಲ ಅಧಿಕಾರಿಗಳಿಗೂ ತಿಳಿದಿರುತ್ತಿತ್ತು. ಒತ್ತುವ ಉಂಗುರ ಮಾತ್ರ ಒಬ್ಬರ ಬೆರಳಿನಲ್ಲಿರುತ್ತಿತ್ತು. ಬಹಿರಂಗ ಕೀಲಿಕೈ ಆ ಗುರುತಿನಂತೆ. ಗುಪ್ತ ಕೀಲಿಕೈ ಆ ಉಂಗುರದಂತೆ. ಉಂಗುರ ಪರರ ಪಾಲಾದರೆ ಏನಾಗುತ್ತದೆಂಬುದೇ ವಿಶಾಖದತ್ತನ 'ಮುದ್ರಾರಾಕ್ಷಸ' ನಾಟಕದ ಕಥೆ. ಅಮಾತ್ಯ ರಾಕ್ಷಸನ ಉಂಗುರವು ಚಾಣಕ್ಯನ ಕೈಸೇರುತ್ತದೆ. ಚಾಣಕ್ಯನು ಬರೆಯಿಸಿದ ಕಪಟ ಪತ್ರಕ್ಕೆ ರಾಕ್ಷಸನ ಮುದ್ರೆ ಬೀಳುತ್ತದೆ. ಎಲ್ಲರೂ ಅದನ್ನು ನಂಬುತ್ತಾರೆ. ಇದೇ ಕಥೆಯನ್ನು ಕನ್ನಡ ಗದ್ಯದಲ್ಲಿ ಕೆಂಪುನಾರಾಯಣನು 1823ರಲ್ಲಿ 'ಮುದ್ರಾಮಂಜೂಷ' ಎಂಬ ಹೆಸರಿನಲ್ಲಿ ರಚಿಸಿದನು. ಮಂಜೂಷವೆಂದರೆ ಪೆಟ್ಟಿಗೆ. ಮುದ್ರೆ ಎಷ್ಟು ಮುಖ್ಯವೋ ಅದನ್ನು ಇರಿಸುವ ಪೆಟ್ಟಿಗೆಯೂ ಅಷ್ಟೇ ಮುಖ್ಯ ಎಂಬುದನ್ನು ಗಣಕದ ಬಳಕೆದಾರರೂ ನೆನಪಿಡಬೇಕು.

ಬಾಗಿಲಲ್ಲಿ ನಡೆಯುವ ಪರೀಕ್ಷೆ

ವಿಜಯವಾಡದ ಗಣಕವು ವಿಶಾಖಪಟ್ಟಣದ ಸರ್ವರನ್ನು ಸಂಪರ್ಕಿಸಿದಾಗ ಕೆಲವೇ ಕ್ಷಣಗಳಲ್ಲಿ ಮೂರು ಹಂತಗಳು ನಡೆಯುತ್ತವೆ. ಮೊದಲು ಸರ್ವರ್ ತನ್ನ ಗುರುತನ್ನು ತಾನು ಸಾಬೀತುಪಡಿಸುತ್ತದೆ. ಅದರೊಂದಿಗೇ ಎರಡೂ ಗಣಕಗಳು ಅಂದಿನ ಸಂಭಾಷಣೆಗೆ ಮಾತ್ರ ಸಲ್ಲುವ ಒಂದು ಗುಪ್ತಲಿಪಿಯನ್ನು ಗೊತ್ತುಮಾಡಿಕೊಳ್ಳುತ್ತವೆ. ಬಳಿಕ ಬಳಕೆದಾರರ ಗಣಕವು ಆ ಸಂಭಾಷಣೆಯ ವಿಶಿಷ್ಟ ಸಂಖ್ಯೆಯನ್ನೊಳಗೊಂಡ ಒಂದು ಒಕ್ಕಣೆಗೆ ಗುಪ್ತ ಕೀಲಿಕೈಯಿಂದ ಸಹಿ ಹಾಕಿ ಕಳುಹಿಸುತ್ತದೆ. ಸರ್ವರ್ ತನ್ನಲ್ಲಿರುವ ಬಹಿರಂಗ ಕೀಲಿಕೈಯಿಂದ ಆ ಸಹಿಯನ್ನು ಪರೀಕ್ಷಿಸಿ ಬಾಗಿಲು ತೆರೆಯುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಗುಪ್ತ ಕೀಲಿಕೈಯು ವಿಜಯವಾಡವನ್ನು ಬಿಟ್ಟು ಹೊರಡುವುದೇ ಇಲ್ಲ. ಪ್ರಯಾಣ ಮಾಡುವುದು ಸಹಿ ಮಾತ್ರ. ಆ ಸಹಿಯು ಆ ಒಂದು ಸಂಭಾಷಣೆಗೆ ಮಾತ್ರ ಸಲ್ಲುವುದರಿಂದ ಅದನ್ನು ಕದ್ದರೂ ಮರುದಿನ ಉಪಯೋಗಕ್ಕೆ ಬಾರದು.

ಕೀಲಿಕೈಯ ತಯಾರಿಕೆ ಮತ್ತು ಸಂಗ್ರಹ

'ಎಸ್‌ಎಸ್‌ಎಚ್-ಕೀಜೆನ್' ಎಂಬ ಆದೇಶವು ಕ್ಷಣಮಾತ್ರದಲ್ಲಿ ಜೋಡಿಯನ್ನು ತಯಾರಿಸಿ, ಬಳಕೆದಾರರ ಸ್ವಂತ ಕಡತಕೋಶದೊಳಗಿನ 'ಡಾಟ್ ಎಸ್‌ಎಸ್‌ಎಚ್' ಎಂಬ ಉಪಕೋಶದಲ್ಲಿ ಎರಡು ಕಡತಗಳಾಗಿ ಇರಿಸುತ್ತದೆ. ಹೆಸರಿನ ಕೊನೆಯಲ್ಲಿ 'ಡಾಟ್ ಪಬ್' ಎಂದಿರುವುದು ಬಹಿರಂಗ ಕೀಲಿಕೈ. ಅದು ಒಂದೇ ಸಾಲಿನ ಬರಹ; ಇಡಿ 25519 ಪದ್ಧತಿಯಲ್ಲಿ ಅದರ ಮುಖ್ಯ ಭಾಗ 68 ಅಕ್ಷರಗಳಷ್ಟೇ. ಅದನ್ನು ಮಿಂಚಂಚೆಯಲ್ಲಿ ಕಳುಹಿಸಿದರೂ ಗೋಡೆಯ ಮೇಲೆ ಬರೆದರೂ ಅಪಾಯವಿಲ್ಲ. ಬಾಲವಿಲ್ಲದ ಹೆಸರಿನ ಕಡತವೇ ಗುಪ್ತ ಕೀಲಿಕೈ. 'ಬಿಗಿನ್ ಓಪನ್ ಎಸ್‌ಎಸ್‌ಎಚ್ ಪ್ರೈವೇಟ್ ಕೀ' ಎಂಬ ಇಂಗ್ಲಿಷ್ ಒಕ್ಕಣೆಯಿಂದ ಆರಂಭವಾಗುವ ಬರಹವನ್ನು ಯಾರು ಕೇಳಿದರೂ, ಯಾವ ನೆಪದಿಂದ ಕೇಳಿದರೂ, ಕೊಡತಕ್ಕದ್ದಲ್ಲ. ಸರ್ವರನ್ನು ನೋಡಿಕೊಳ್ಳುವ ಅಧಿಕಾರಿಗೂ ಅದರ ಅಗತ್ಯವಿರುವುದಿಲ್ಲ.

ತಯಾರಿಕೆಯ ವೇಳೆ ಆದೇಶವು ಒಂದು ಗುಪ್ತವಾಕ್ಯವನ್ನು ಕೇಳುತ್ತದೆ. ಅನೇಕರು ಅವಸರದಲ್ಲಿ ಅದನ್ನು ಖಾಲಿ ಬಿಡುತ್ತಾರೆ. ಇದು ಉಂಗುರವನ್ನು ಬೀಗವಿಲ್ಲದ ಪೆಟ್ಟಿಗೆಯಲ್ಲಿಟ್ಟಂತೆ. ಗುಪ್ತವಾಕ್ಯವಿದ್ದರೆ ಕಡತವು ಗುಪ್ತಲಿಪಿಯಲ್ಲಿ ಉಳಿಯುತ್ತದೆ. ಲ್ಯಾಪ್‌ಟಾಪ್ ಕಳವಾದರೂ ಕಳ್ಳನಿಗೆ ಕೀಲಿಕೈ ಕೂಡಲೇ ದಕ್ಕದು. ಮಾಲೀಕರಿಗೆ ಎಚ್ಚೆತ್ತುಕೊಳ್ಳಲು ಕಾಲಾವಕಾಶ ದೊರೆಯುತ್ತದೆ. ಈ ಗುಪ್ತವಾಕ್ಯವು ಒಂದು ಪದವಾಗಿರದೆ, ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಪದಗಳ ಸಾಲಾಗಿರುವುದು ಲೇಸು.

ಲಿನಕ್ಸ್ ಮೊದಲಾದ ವ್ಯವಸ್ಥೆಗಳಲ್ಲಿ ಗುಪ್ತ ಕೀಲಿಕೈಯ ಕಡತಕ್ಕೆ 600 ಹಾಗೂ ಅದರ ಉಪಕೋಶಕ್ಕೆ 700 ಎಂಬ ಅನುಮತಿ ಸಂಖ್ಯೆಗಳಿರಬೇಕು. ಮಾಲೀಕರ ಹೊರತು ಬೇರೆ ಯಾರೂ ಅದನ್ನು ಓದಲಾಗದು ಎಂಬುದು ಇದರ ಅರ್ಥ. ಇತರರಿಗೂ ತೆರೆದಿರುವ ಗುಪ್ತ ಕೀಲಿಕೈಯನ್ನು ಎಸ್‌ಎಸ್‌ಎಚ್ ಬಳಸಲು ನಿರಾಕರಿಸುತ್ತದೆ. ಇದು ದೋಷವಲ್ಲ, ಎಚ್ಚರಿಕೆ.

ಕೀಲಿಕೈಯ ತಯಾರಿಕೆಯಲ್ಲಿ ಬಳಸುವ ಸಂಖ್ಯೆಗಳು ಯಾರಿಗೂ ಊಹಿಸಲಾಗದಂತಿರಬೇಕು. 'ಡೆಬಿಯನ್' ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ 2006ರಲ್ಲಿ ಆದ ಒಂದು ಸಣ್ಣ ತಿದ್ದುಪಡಿಯಿಂದ ಈ ಊಹಾತೀತತೆಯೇ ಕುಸಿದು, ಒಂದೊಂದು ಬಗೆಯಲ್ಲಿ ಕೇವಲ 32,767 ಕೀಲಿಕೈಗಳು ಮಾತ್ರ ಹುಟ್ಟುವಂತಾಗಿತ್ತು. 2008ರ ಮೇ ತಿಂಗಳಲ್ಲಿ ಇದು ಪತ್ತೆಯಾದಾಗ ಪ್ರಪಂಚದಾದ್ಯಂತ ಅಂತಹ ಕೀಲಿಕೈಗಳನ್ನು ರದ್ದುಮಾಡಬೇಕಾಯಿತು. ವ್ಯವಸ್ಥೆಯ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಕೋಡ್ ಎಡಿಟರ್‌ನೊಡನೆ ಬಳಕೆ

ಗಣಕದ ಕ್ರಮವಿಧಿಗಳನ್ನು ಬರೆಯಲು ಮತ್ತು ತಿದ್ದಲು ಬಳಸುವ ತಂತ್ರಾಂಶವೇ ಕೋಡ್ ಎಡಿಟರ್. ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಹೊರತಂದ 'ವಿಷುಯಲ್ ಸ್ಟುಡಿಯೋ ಕೋಡ್' ಇವುಗಳಲ್ಲಿ ಬಹು ಪ್ರಚಲಿತವಾದುದು. 2019ರ ಮೇ ತಿಂಗಳಲ್ಲಿ ಇದಕ್ಕೆ 'ರಿಮೋಟ್ ಎಸ್‌ಎಸ್‌ಎಚ್' ಎಂಬ ಸೇರ್ಪಡೆ ದೊರೆಯಿತು. ಹಳೆಯ 'ಈಮ್ಯಾಕ್ಸ್' ಎಡಿಟರ್‌ನಲ್ಲಿಯೂ 'ಟ್ರ್ಯಾಂಪ್' ಎಂಬ ಹೆಸರಿನಲ್ಲಿ ಇಂತಹ ಸೌಲಭ್ಯವಿದೆ.

ರಿಮೋಟ್ ಎಸ್‌ಎಸ್‌ಎಚ್ ಬಳಸಿದಾಗ ಎಡಿಟರ್ ತನ್ನ ಒಂದು ಸಹಾಯಕ ಕ್ರಮವಿಧಿಯನ್ನು ದೂರದ ಗಣಕದಲ್ಲಿ ತಾನೇ ಸ್ಥಾಪಿಸುತ್ತದೆ. ಪರದೆ ಮತ್ತು ಕೀಲಿಮಣೆ ವಿಜಯವಾಡದಲ್ಲಿ. ಕಡತಗಳು ಮತ್ತು ಅವುಗಳ ಮೇಲಿನ ಕಾರ್ಯ ವಿಶಾಖಪಟ್ಟಣದಲ್ಲಿ. ಬಳಕೆದಾರರ ಪಾಲಿಗೆ ಎಲ್ಲವೂ ತಮ್ಮ ಮೇಜಿನ ಮೇಲೆಯೇ ಇರುವಂತೆ ತೋರುತ್ತದೆ.

ಎಡಿಟರ್ ಕೀಲಿಕೈಯನ್ನು ಸ್ವತಃ ಇಟ್ಟುಕೊಳ್ಳುವುದಿಲ್ಲ. ಗಣಕದಲ್ಲಿರುವ ಎಸ್‌ಎಸ್‌ಎಚ್ ವ್ಯವಸ್ಥೆಯನ್ನೇ ಅವಲಂಬಿಸುತ್ತದೆ. ಆದುದರಿಂದ ಅದಕ್ಕೆ ದಾರಿ ತೋರಿಸಲು ಡಾಟ್ ಎಸ್‌ಎಸ್‌ಎಚ್ ಉಪಕೋಶದಲ್ಲಿ 'ಕಾನ್ಫಿಗ್' ಎಂಬ ಒಂದು ಸಂರಚನಾ ಕಡತವಿರಬೇಕು. ಅದರಲ್ಲಿ 'ಹೋಸ್ಟ್' ಎಂಬ ಸಾಲಿನಲ್ಲಿ ಸರ್ವರ್‌ಗೆ ಒಂದು ಅಡ್ಡಹೆಸರು, ಉದಾಹರಣೆಗೆ 'ವಿಶಾಖ'. 'ಹೋಸ್ಟ್‌ನೇಮ್' ಎಂಬಲ್ಲಿ ಅದರ ನಿಜವಾದ ಜಾಲ ವಿಳಾಸ. 'ಯೂಸರ್' ಎಂಬಲ್ಲಿ ಅಲ್ಲಿನ ಬಳಕೆದಾರರ ಹೆಸರು. 'ಐಡೆಂಟಿಟಿ ಫೈಲ್' ಎಂಬಲ್ಲಿ ಗುಪ್ತ ಕೀಲಿಕೈ ಇರುವ ಸ್ಥಳ. ಇಷ್ಟು ಬರೆದಿಟ್ಟರೆ ಎಡಿಟರ್‌ನ ಪಟ್ಟಿಯಲ್ಲಿ 'ವಿಶಾಖ' ಎಂಬ ಹೆಸರು ತಾನಾಗಿ ಕಾಣಿಸಿಕೊಳ್ಳುತ್ತದೆ. ಇತ್ತ, ಬಹಿರಂಗ ಕೀಲಿಕೈಯ ಸಾಲನ್ನು ಸರ್ವರ್‌ನಲ್ಲಿರುವ 'ಆಥರೈಸ್ಡ್ ಕೀಸ್' ಎಂಬ ಕಡತಕ್ಕೆ ಸೇರಿಸಿರಬೇಕು. ಅನುಮತಿ ಪಡೆದವರ ಪಟ್ಟಿ ಅದೇ.

ಇಷ್ಟಾದರೂ ಎಡಿಟರ್ ಮತ್ತೆ ಮತ್ತೆ ಗುಪ್ತಪದವನ್ನು ಕೇಳುವುದುಂಟು. ಇದಕ್ಕೆ ಸಾಮಾನ್ಯವಾಗಿ ಇರುವ ಕಾರಣಗಳು ಕೆಲವೇ. ಬಹಿರಂಗ ಕೀಲಿಕೈಯನ್ನು ನಕಲಿಸುವಾಗ ಒಂದೇ ಸಾಲು ಎರಡಾಗಿ ಮುರಿದಿರಬಹುದು. ಸರ್ವರ್‌ನಲ್ಲಿನ ಉಪಕೋಶದ ಅನುಮತಿಗಳು ಸಡಿಲವಾಗಿರಬಹುದು. ಐಡೆಂಟಿಟಿ ಫೈಲ್ ಸಾಲಿನಲ್ಲಿ ತಪ್ಪು ಕಡತದ ಹೆಸರಿರಬಹುದು. ಬಳಕೆದಾರರ ಬಳಿ ಹಲವು ಕೀಲಿಕೈಗಳಿದ್ದು, ಅವೆಲ್ಲವನ್ನೂ ಒಂದೊಂದಾಗಿ ತೋರಿಸುವಷ್ಟರಲ್ಲಿ ಸರ್ವರ್ ಬೇಸತ್ತು ಬಾಗಿಲು ಮುಚ್ಚುವುದೂ ಉಂಟು. ಓಪನ್ ಎಸ್‌ಎಸ್‌ಎಚ್ ಸರ್ವರ್ ಸಾಮಾನ್ಯವಾಗಿ 6 ಪ್ರಯತ್ನಗಳಿಗೆ ಮಾತ್ರ ಅವಕಾಶ ನೀಡುತ್ತದೆ. ಸಂರಚನಾ ಕಡತದಲ್ಲಿ 'ಐಡೆಂಟಿಟೀಸ್ ಓನ್ಲಿ' ಎಂಬ ಸಾಲನ್ನು 'ಯೆಸ್' ಎಂದು ಬರೆದರೆ ಗೊತ್ತುಪಡಿಸಿದ ಕೀಲಿಕೈಯನ್ನು ಮಾತ್ರ ತೋರಿಸಲಾಗುತ್ತದೆ.

ಕೀಲಿಕೈಯು ಸರಿಯಾಗಿ ಕೆಲಸ ಮಾಡುವುದು ಖಚಿತವಾದ ಮೇಲೆ ಸರ್ವರ್‌ನಲ್ಲಿ ಗುಪ್ತಪದದ ಪ್ರವೇಶವನ್ನು ನಿಲ್ಲಿಸುವುದು ಉತ್ತಮ. ಆದರೆ ಹಾಗೆ ಮಾಡುವಾಗ ತೆರೆದಿರುವ ಸಂಪರ್ಕವನ್ನು ಮುಚ್ಚದೆ, ಬೇರೊಂದು ಹೊಸ ಸಂಪರ್ಕದಿಂದ ಪರೀಕ್ಷಿಸಿ ನೋಡಬೇಕು. ಇಲ್ಲವಾದರೆ ತಮ್ಮ ಮನೆಯ ಬಾಗಿಲನ್ನು ತಾವೇ ಹೊರಗೆ ನಿಂತು ಭದ್ರಪಡಿಸಿದಂತಾಗುತ್ತದೆ.

ಏಜೆಂಟ್ ಎಂಬ ಸಹಾಯಕ

ಪ್ರತಿಯೊಂದು ಸಂಪರ್ಕಕ್ಕೂ ಉದ್ದನೆಯ ಗುಪ್ತವಾಕ್ಯವನ್ನು ಬೆರಳಚ್ಚಿಸುವುದು ಬೇಸರದ ಕೆಲಸ. ಈ ಬೇಸರದಿಂದಲೇ ಜನರು ಗುಪ್ತವಾಕ್ಯವನ್ನು ಕೈಬಿಡುತ್ತಾರೆ. ಇದಕ್ಕೆ ಪರಿಹಾರವಾಗಿ 'ಎಸ್‌ಎಸ್‌ಎಚ್ ಏಜೆಂಟ್' ಎಂಬ ಸಹಾಯಕ ಕ್ರಮವಿಧಿ ಇದೆ. ಬೆಳಿಗ್ಗೆ ಒಮ್ಮೆ ಗುಪ್ತವಾಕ್ಯ ನೀಡಿದರೆ ಏಜೆಂಟ್ ಕೀಲಿಕೈಯನ್ನು ಗಣಕದ ಸ್ಮೃತಿಯಲ್ಲಿ ಇಟ್ಟುಕೊಂಡು, ಎಡಿಟರ್ ಕೇಳಿದಾಗಲೆಲ್ಲ ಸಹಿ ಹಾಕಿಕೊಡುತ್ತದೆ. ಕೇಳಿದವರಿಗೆ ಕೀಲಿಕೈಯನ್ನೇ ಕೊಡುವುದಿಲ್ಲ. ಗಣಕವನ್ನು ಆರಿಸಿದಾಗ ಸ್ಮೃತಿಯು ಅಳಿಯುತ್ತದೆ. ತಟ್ಟೆಯ ಮೇಲೆ ಗುಪ್ತಲಿಪಿಯ ಕಡತ ಮಾತ್ರ ಉಳಿಯುತ್ತದೆ. ವಿಂಡೋಸ್ ಗಣಕಗಳಲ್ಲಿ ಈ ಸೇವೆಯು ಸಾಮಾನ್ಯವಾಗಿ ಸ್ಥಗಿತವಾಗಿರುವುದರಿಂದ ಅದನ್ನು ಮೊದಲು ಚಾಲನೆಗೊಳಿಸಬೇಕು.

ಏಜೆಂಟನ್ನು ದೂರದ ಗಣಕಕ್ಕೂ ವಿಸ್ತರಿಸುವ 'ಫಾರ್ವರ್ಡಿಂಗ್' ಎಂಬ ಸೌಲಭ್ಯವಿದೆ. ಇದನ್ನು ಎಚ್ಚರಿಕೆಯಿಂದ ಬಳಸಬೇಕು. ದೂರದ ಗಣಕದ ಮೇಲೆ ಪೂರ್ಣಾಧಿಕಾರವಿರುವವರು, ಸಂಪರ್ಕ ಇರುವಷ್ಟು ಕಾಲ, ಬಳಕೆದಾರರ ಹೆಸರಿನಲ್ಲಿ ಬೇರೆ ಕಡೆಗೂ ಪ್ರವೇಶಿಸಬಹುದು. ಒಂದು ಗಣಕದ ಮೂಲಕ ಇನ್ನೊಂದನ್ನು ತಲುಪಬೇಕಾದಲ್ಲಿ 2016ರಲ್ಲಿ ಬಂದ 'ಪ್ರಾಕ್ಸಿಜಂಪ್' ವಿಧಾನವು ಹೆಚ್ಚು ಸುರಕ್ಷಿತ. ಹಾಗೆಯೇ ರಿಮೋಟ್ ಎಸ್‌ಎಸ್‌ಎಚ್ ಸೇರ್ಪಡೆಯಿಂದ ದೂರದ ಗಣಕಕ್ಕೂ ಸ್ಥಳೀಯ ಎಡಿಟರ್‌ಗೂ ಆಪ್ತ ಸಂಬಂಧ ಏರ್ಪಡುವುದರಿಂದ, ನಂಬಿಕೆಗೆ ಅರ್ಹವಾದ ಗಣಕಗಳೊಂದಿಗೆ ಮಾತ್ರ ಅದನ್ನು ಬಳಸತಕ್ಕದ್ದು.

ಎದುರಿನವರು ನಿಜವಾಗಿ ಯಾರು?

ಮೊದಲ ಬಾರಿ ಸಂಪರ್ಕಿಸಿದಾಗ ಸರ್ವರ್‌ನ 'ಬೆರಳಗುರುತು' ಎಂಬ ಅಕ್ಷರಮಾಲೆಯನ್ನು ತೋರಿಸಿ, ಒಪ್ಪಿಗೆಯೇ ಎಂದು ಕೇಳಲಾಗುತ್ತದೆ. ಬಹುತೇಕ ಮಂದಿ ಓದದೆಯೇ ಒಪ್ಪುತ್ತಾರೆ. ಅದನ್ನು ಸರ್ವರ್ ನಿರ್ವಾಹಕರಿಂದ ದೂರವಾಣಿಯಲ್ಲಿ ಅಥವಾ ಮುಖತಃ ಕೇಳಿ ತಾಳೆ ನೋಡುವುದು ಕ್ರಮ. ಒಮ್ಮೆ ಒಪ್ಪಿದ ಬೆರಳಗುರುತನ್ನು ಗಣಕವು ನೆನಪಿಟ್ಟುಕೊಳ್ಳುತ್ತದೆ; ಮುಂದೆ ಅದು ಬದಲಾದರೆ ಎಚ್ಚರಿಸುತ್ತದೆ. ಈ ಎಚ್ಚರಿಕೆಗೆ ಸಕಾರಣವೂ ಇರಬಹುದು. ಗಿಟ್‌ಹಬ್ ಸಂಸ್ಥೆಯ ಸರ್ವರ್‌ನ ಆರ್‌ಎಸ್‌ಎ ಗುಪ್ತ ಕೀಲಿಕೈಯು ಆಕಸ್ಮಿಕವಾಗಿ ಸಾರ್ವಜನಿಕ ಸಂಕೇತ ಭಂಡಾರದಲ್ಲಿ ಸ್ವಲ್ಪಕಾಲ ಕಾಣಿಸಿಕೊಂಡುದರಿಂದ, 2023ರ ಮಾರ್ಚ್ 24ರಂದು ಸಂಸ್ಥೆಯು ಅದನ್ನು ಬದಲಿಸಿತು. ಅಂದು ಅದನ್ನು ಬಳಸುತ್ತಿದ್ದವರಿಗೆಲ್ಲ ಎಚ್ಚರಿಕೆ ಕಂಡಿತು. ಹೊಸ ಬೆರಳಗುರುತನ್ನು ಸಂಸ್ಥೆಯೇ ಪ್ರಕಟಿಸಿದ್ದರಿಂದ ತಾಳೆ ನೋಡಿ ಮುಂದುವರಿಯಲು ಸಾಧ್ಯವಾಯಿತು. ಕಾರಣ ತಿಳಿಯುವವರೆಗೆ ಮುಂದುವರಿಯದಿರುವುದೇ ಜಾಣತನ.

ಕೀಲಿಕೈ ಕಳೆದಾಗ

ಈಗ ಆರಂಭದ ಪ್ರಶ್ನೆಗೆ ಮರಳಬಹುದು. ವಿಜಯವಾಡದಲ್ಲಿ ನೆಲೆಸಿರುವ ತಂತ್ರಜ್ಞೆಯೊಬ್ಬರು ವಿಶಾಖಪಟ್ಟಣದ ಒಂದು ಆಸ್ಪತ್ರೆಯ ದಾಖಲೆಗಳಿರುವ ಸರ್ವರನ್ನು ನಿರ್ವಹಿಸುತ್ತಿದ್ದಾರೆಂದು ಊಹಿಸಬಹುದು. ರಾತ್ರಿ ನೀರು ಏರಿ ಕೆಳಮನೆ ಮುಳುಗುತ್ತದೆ. ಮಕ್ಕಳನ್ನೂ ವೃದ್ಧರನ್ನೂ ಮಹಡಿಗೆ ಸಾಗಿಸುವಷ್ಟರಲ್ಲಿ ಲ್ಯಾಪ್‌ಟಾಪ್ ನೀರುಪಾಲಾಗುತ್ತದೆ. ಸರ್ವರ್‌ನ ಅನುಮತಿ ಪಟ್ಟಿಯಲ್ಲಿ ಅವರ ಒಂದೇ ಕೀಲಿಕೈ ಇದ್ದು, ಗುಪ್ತಪದದ ಪ್ರವೇಶವೂ ನಿಂತಿದ್ದರೆ, ಆ ಕ್ಷಣದಿಂದ ಅವರು ಅಪರಿಚಿತರಿಗೆ ಸಮಾನ. 350 ಕಿ.ಮೀ. ದೂರದ ಯಂತ್ರದ ಮುಂದೆ ಯಾರಾದರೂ ಖುದ್ದಾಗಿ ಹೋಗಿ ಕುಳಿತ ಹೊರತು ಬಾಗಿಲು ತೆರೆಯದು; ಪ್ರವಾಹದ ದಿನ ಆ ರೈಲೂ ಓಡದಿರಬಹುದು.

ಇಂತಹ ಸಂಕಷ್ಟಕ್ಕೆ ಉಪಾಯವೆಂದು ಕೆಲವರು ಒಂದೇ ಗುಪ್ತ ಕೀಲಿಕೈಯನ್ನು ಮೂರು ನಾಲ್ಕು ಗಣಕಗಳಿಗೆ ನಕಲು ಮಾಡುತ್ತಾರೆ. ಇಲ್ಲವೇ ತಮ್ಮದೇ ಮಿಂಚಂಚೆಗೆ ಕಳುಹಿಸಿಕೊಳ್ಳುತ್ತಾರೆ. ಇದು ತಪ್ಪು. ಒಂದು ನಕಲು ಕಳವಾದರೂ ಎಲ್ಲವನ್ನೂ ರದ್ದುಮಾಡಬೇಕಾಗುತ್ತದೆ. ಯಾವುದು ಸೋರಿತೆಂಬುದೂ ತಿಳಿಯದು. ಸರಿಯಾದ ಮಾರ್ಗವೆಂದರೆ ಪ್ರತಿಯೊಂದು ಗಣಕಕ್ಕೂ ಪ್ರತ್ಯೇಕ ಜೋಡಿಯನ್ನು ತಯಾರಿಸಿ, ಎಲ್ಲ ಬಹಿರಂಗ ಕೀಲಿಕೈಗಳನ್ನೂ ಅನುಮತಿ ಪಟ್ಟಿಗೆ ಮೊದಲೇ ಸೇರಿಸಿಡುವುದು. ಸಾಲಿನ ಕೊನೆಯಲ್ಲಿ 'ಮನೆಯ ಲ್ಯಾಪ್‌ಟಾಪ್', 'ಕಚೇರಿಯ ಗಣಕ' ಎಂಬಂತೆ ಗುರುತು ಬರೆಯಬಹುದು. ಮನೆಯದು ಮುಳುಗಿದರೆ ಕಚೇರಿಯದರಿಂದ ಪ್ರವೇಶಿಸಿ, ಆ ಒಂದು ಸಾಲನ್ನು ಅಳಿಸಿದರೆ ಹಳೆಯ ಕೀಲಿಕೈ ನಿಷ್ಪ್ರಯೋಜಕವಾಗುತ್ತದೆ. ಸಾಲನ್ನು ಅಳಿಸಿದ ಮಾತ್ರಕ್ಕೆ ಆಗಲೇ ತೆರೆದಿರುವ ಸಂಪರ್ಕಗಳು ಮುಚ್ಚುವುದಿಲ್ಲ. ಅವನ್ನು ಬೇರೆಯಾಗಿ ಕೊನೆಗೊಳಿಸಬೇಕು.

2020ರಿಂದ ಓಪನ್ ಎಸ್‌ಎಸ್‌ಎಚ್ 'ಫೈಡೋ' ಮಾನಕದ ಯಂತ್ರಾಂಶ ಕೀಲಿಕೈಗಳನ್ನೂ ಸ್ವೀಕರಿಸುತ್ತದೆ. ಹೆಬ್ಬೆರಳಿನ ಗಾತ್ರದ ಈ ಸಾಧನದಿಂದ ಗುಪ್ತ ಭಾಗವನ್ನು ಹೊರತೆಗೆಯಲಾಗದಂತೆ ಅದನ್ನು ರೂಪಿಸಲಾಗಿರುತ್ತದೆ. ಸಹಿ ಹಾಕಲು ಸಾಮಾನ್ಯವಾಗಿ ಸಾಧನವನ್ನು ಬೆರಳಿನಿಂದ ಮುಟ್ಟಬೇಕು. ಇಂತಹ ಒಂದನ್ನು ಸಿದ್ಧಪಡಿಸಿ ಬೇರೆ ಊರಿನ ನಂಬಿಕಸ್ಥರ ಮನೆಯಲ್ಲೋ ಬ್ಯಾಂಕಿನ ಲಾಕರ್‌ನಲ್ಲೋ ಇರಿಸಿದರೆ ಆಪತ್ಕಾಲಕ್ಕೆ ಒದಗುತ್ತದೆ. ಅದಲ್ಲದೆ ಸರ್ವರ್‌ಗೆ ಒಬ್ಬರಿಗಿಂತ ಹೆಚ್ಚು ಮಂದಿ ಜವಾಬ್ದಾರರಿರುವುದು, ಅವರಲ್ಲಿ ಒಬ್ಬರಾದರೂ ಬೇರೆ ಊರಿನಲ್ಲಿರುವುದು ಅಪೇಕ್ಷಣೀಯ.

ಕಾನೂನಿನ ದೃಷ್ಟಿ

ಜೋಡಿ ಕೀಲಿಕೈಯ ತತ್ತ್ವಕ್ಕೆ ಭಾರತದ ಕಾನೂನಿನಲ್ಲಿಯೂ ಸ್ಥಾನವಿದೆ. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ಇದೇ ತತ್ತ್ವವನ್ನಾಧರಿಸಿದ ಅಂಕೀಯ ಸಹಿಗೆ ಮಾನ್ಯತೆ ನೀಡಿತು. ಮಾಲೀಕರ ಅನುಮತಿಯಿಲ್ಲದೆ ಗಣಕವನ್ನು ಪ್ರವೇಶಿಸುವುದು ಅಧಿನಿಯಮದ 43ನೆಯ ಪ್ರಕರಣದ ವ್ಯಾಪ್ತಿಗೆ ಬರುತ್ತದೆ. ಅದನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದಲ್ಲಿ 66ನೆಯ ಪ್ರಕರಣದಂತೆ 3 ವರ್ಷಗಳವರೆಗಿನ ಕಾರಾಗೃಹವಾಸ, 5 ಲಕ್ಷ ರೂಪಾಯಿಗಳವರೆಗಿನ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು.

ಗಣಕ ಸುರಕ್ಷತೆಯ ತುರ್ತು ಪರಿಸ್ಥಿತಿಗಳನ್ನು ನಿಭಾಯಿಸುವ ರಾಷ್ಟ್ರೀಯ ಸಂಸ್ಥೆ 'ಸರ್ಟ್-ಇನ್' 2004ರ ಜನವರಿಯಿಂದ ಕಾರ್ಯನಿರ್ವಹಿಸುತ್ತಿದೆ. ಅದು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಸೇವಾದಾತರು, ಕಂಪನಿಗಳು ಮತ್ತು ಸರಕಾರಿ ಸಂಸ್ಥೆಗಳು ಅನಧಿಕೃತ ಪ್ರವೇಶವೂ ಸೇರಿದಂತೆ ನಿಗದಿತ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಗಣಕಗಳ ದಾಖಲೆಗಳನ್ನು 180 ದಿನಗಳವರೆಗೆ ಕಾದಿರಿಸಬೇಕು. ಯಾವ ಕೀಲಿಕೈಯಿಂದ ಯಾವಾಗ ಯಾರು ಪ್ರವೇಶಿಸಿದರೆಂಬುದು ಇಂತಹ ದಾಖಲೆಗಳಿಂದ ತಿಳಿಯುತ್ತದೆ. ಒಂದೇ ಕೀಲಿಕೈಯನ್ನು ಹತ್ತು ಮಂದಿ ಹಂಚಿಕೊಂಡರೆ ಆ ದಾಖಲೆಗೆ ಅರ್ಥವೇ ಉಳಿಯದು.

ನೆನಪಿಡಬೇಕಾದ ಅಂಶಗಳು

1. ಬಹಿರಂಗ ಕೀಲಿಕೈಯನ್ನು ಯಾರಿಗಾದರೂ ಕೊಡಬಹುದು. ಗುಪ್ತ ಕೀಲಿಕೈಯನ್ನು ಯಾರಿಗೂ ಕೊಡಬಾರದು.

2. ಗುಪ್ತ ಕೀಲಿಕೈಗೆ ಗುಪ್ತವಾಕ್ಯವಿರಲಿ. ಅನುಕೂಲಕ್ಕೆ ಏಜೆಂಟ್ ಬಳಸಬೇಕು.

3. ಪ್ರತಿ ಗಣಕಕ್ಕೆ ಒಂದು, ಪ್ರತಿ ವ್ಯಕ್ತಿಗೆ ಪ್ರತ್ಯೇಕ ಜೋಡಿ ಇರಬೇಕು.

4. ಸಂರಚನಾ ಕಡತದಲ್ಲಿ ಯಾವ ಸರ್ವರ್‌ಗೆ ಯಾವ ಕೀಲಿಕೈ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು.

5. ಸರ್ವರ್‌ನ ಬೆರಳಗುರುತನ್ನು ತಾಳೆ ನೋಡದೆ ಒಪ್ಪಬಾರದು.

6. ಕೆಲಸ ಬಿಟ್ಟವರ ಮತ್ತು ಕಳೆದುಹೋದ ಗಣಕಗಳ ಕೀಲಿಕೈಗಳನ್ನು ಅನುಮತಿ ಪಟ್ಟಿಯಿಂದ ಅಂದೇ ತೆಗೆಯಬೇಕು.

7. ಬದಲಿ ಕೀಲಿಕೈಯೊಂದನ್ನು ಬೇರೆ ಸ್ಥಳದಲ್ಲಿ ಇರಿಸಿ, ಮಳೆಗಾಲಕ್ಕೆ ಮುನ್ನ ಒಮ್ಮೆ ಪ್ರಯೋಗಿಸಿ ನೋಡಬೇಕು.

ಕರಾವಳಿಯ ಜನರು ಚಂಡಮಾರುತದ ಋತು ಬರುವ ಮೊದಲೇ ದೋಣಿಯ ಹಗ್ಗಗಳನ್ನು ಪರೀಕ್ಷಿಸುತ್ತಾರೆ. ನದೀತೀರದವರು ಅಮೂಲ್ಯ ಕಾಗದಪತ್ರಗಳನ್ನು ಅಟ್ಟದ ಮೇಲೆ ಇಡುತ್ತಾರೆ. ಕೆಲವೇ ನೂರು ಅಕ್ಷರಗಳ ಈ ಕೀಲಿಕೈಯೂ ಅಂತಹುದೇ ಒಂದು ಕಾಗದಪತ್ರ. ಅದರ ಹಿಂದೆ ಆಸ್ಪತ್ರೆಯ ದಾಖಲೆ, ಶಾಲೆಯ ಅಂಕಪಟ್ಟಿ, ನೌಕರರ ವೇತನ ಮುಂತಾದ ಅನೇಕರ ಬದುಕಿನ ವಿವರಗಳಿರುತ್ತವೆ. ಆಪತ್ತು ಬಂದ ಮೇಲೆ ಕೀಲಿಕೈಯನ್ನು ಹುಡುಕುವುದಕ್ಕಿಂತ, ಬಾರದ ಮುನ್ನ ಅರ್ಧ ಗಂಟೆಯನ್ನು ಇದಕ್ಕೆಂದು ಮೀಸಲಿಡುವುದು ಶ್ರೇಯಸ್ಕರ.